‘ಎಂತಕ್ಕೆ’ ಡಾಕ್ಟರಮ್ಮ

ಪೇಟೆಯ ಸರ್ಕಲ್ಲಿನಲ್ಲಿ ಅವರ ಫ್ಲೆಕ್ಸ್ ಕಟ್ಟಿದ್ದಾರೆ. ‘ಭಾವಪೂರ್ಣ ಶ್ರದ್ಧಾಂಜಲಿ’ ಎಂದು ದಪ್ಪ ಅಕ್ಷರ. ಅದರ ಕೆಳಗೆ ಕೈಮುಗಿದು ನಿಂತ ನಮ್ಮೂರ ಮುಖಂಡರು ಆಳೆತ್ತರಕ್ಕಿದ್ದಾರೆ. ಅವರ ಹಿಂದೆ ಸಾಲಾಗಿ ಮರಿ ಮುಖಂಡರು. ಸತ್ತವರು ಎಲ್ಲಿ ಎಂದು ಹುಡುಕಿದರೆ, ಮೇಲೆ ಮೂಲೆಯಲ್ಲಿ, ಅಂಚೆಚೀಟಿಯಷ್ಟು ಜಾಗದಲ್ಲಿ ನಮ್ಮ ಡಾಕ್ಟರಮ್ಮ. ಮೀನು ತರಲು ಹೊರಟವಳು ಸ್ಕೂಟಿ ನಿಲ್ಲಿಸಿ ನೋಡಿದೆ. ಮೈಯೆಲ್ಲ ಉರಿದುಹೋಯಿತು. ಬದುಕಿದ್ದಾಗ ಅವರನ್ನು ಈ ಊರಿನಿಂದ ಓಡಿಸಿದ್ದು ಇದೇ ಕೈಗಳು. ಈಗ ಮುಗಿದುಕೊಂಡು ನಿಂತಿವೆ.

ಶ್ರದ್ಧಾಂಜಲಿ ಸಭೆಯೂ ನಿನ್ನೆ ಆಯಿತು. ಅಲ್ಲಿ ನಡೆದದ್ದನ್ನು ಕೊನೆಗೆ ಹೇಳುತ್ತೇನೆ. ಮೊದಲು ಆ ಅಂಚೆಚೀಟಿಯ ಒಳಗಿದ್ದವರು ಯಾರು ಎಂಬುದನ್ನು ಹೇಳಬೇಕು, ಏಕೆಂದರೆ ಸಭೆಯಲ್ಲಿ ಅದನ್ನು ಯಾರೂ ಹೇಳಲಿಲ್ಲ. ಹೆಸರು ಬರೆಯುವುದಿಲ್ಲ. ಬರೆದರೆ, ಮೇಲಿನಿಂದಲೇ ಗದರಿಸುತ್ತಾರೆ: “ಹೆಸ್ರು ಎಂತಕ್ಕೆ ಅಕ್ಕೋರೇ? ಕೆಲ್ಸ ಹೇಳಿ ಸಾಕು.”

ನಾನು ಮಂಕಿಯ ಕಡಲಬದಿಯ ಶಾಲೆಯಲ್ಲಿ ಅಕ್ಕೋರು, ಅಂದರೆ ಟೀಚರು. ಅವರು ನಮ್ಮ ಸರ್ಕಾರಿ ಆಸ್ಪತ್ರೆಯ ಡಾಕ್ಟರು. ಕತಗಾಲದ ಕಡೆಯವರು, ಮನೆ ಕುಮಟೆಯಲ್ಲಿ. ಗುಂಡಗೆ, ಗಿಡ್ಡಗೆ, ಮೊಣಕೈವರೆಗೆ ಮಡಚಿದ ತೋಳಿನ ಬಿಳಿ ಕೋಟು, ಗಂಡಸರ ವಾಚು. ನಡೆದರೆ ನೆಲ ದಡದಡ ಎನ್ನಬೇಕು. ಮೆಲ್ಲಗೆ ಮಾತಾಡಲು ಬರುತ್ತಲೇ ಇರಲಿಲ್ಲ. ಗುಟ್ಟು ಹೇಳುತ್ತೇನೆ ಎಂದು ಹತ್ತಿರ ಕರೆದು ಹೇಳಿದರೆ ರಸ್ತೆಯಾಚೆಗಿನ ಗೂಡಂಗಡಿಯವನು “ಹೌದಾ ಡಾಕ್ಟರಮ್ಮಾ?” ಎನ್ನುತ್ತಿದ್ದ. ಸಿಟ್ಟು ಮೂಗಿನ ತುದಿಯಲ್ಲೇ. ಸಿಟ್ಟು ಅಥವಾ ದುಃಖ ಮಿತಿ ಮೀರಿದಾಗ ಮಾತ್ರ ಅವರ ಮನೆಮಾತು ಹೊರಗೆ ಬರುತ್ತಿತ್ತು. ಇಲ್ಲ ಎನ್ನಲು “ಇಲ್ಲೆ,” ಬಿಡಬೇಡ ಎನ್ನಲು “ಬಿಡಡ” ಎಂದು ಶುರುವಾದರೆ ಆಸ್ಪತ್ರೆಯ ನರ್ಸುಗಳು ಮೆಲ್ಲಗೆ ಔಷಧದ ಕೋಣೆಗೆ ಹೋಗಿಬಿಡುತ್ತಿದ್ದರು.

ಮೀನು ಮುಟ್ಟದ ಮನೆಯವರು ಅವರು. ನಮ್ಮ ಕೇರಿಯ ಹೆಂಗಸರಿಗೆ ಅದೊಂದು ತಮಾಷೆ. “ಡಾಕ್ಟರಮ್ಮಾ, ತಾಜಾ ಬಂಗಡೆ ಉಂಟು, ಕೊಡ್ಲಾ?” ಎಂದು ಬುಟ್ಟಿಯನ್ನು ಅವರ ಮೇಜಿನ ಮೇಲೆಯೇ ಇಡುವರು.

“ಅದಕ್ಕೆ ಜ್ವರ ಬಂದಿದ್ರೆ ಇಟ್ಟು ಹೋಗು, ನೋಡ್ತೆ. ಇಲ್ಲದಿದ್ರೆ ನೀನೇ ತಿನ್ನು. ರಕ್ತ ಇಲ್ಲ ನಿನ್ ಮೈಯಲ್ಲಿ.”

ಅವರ ಕೆಲಸದ ರೀತಿಯೇ ಬೇರೆ. ಗುರುವಾರ ನಮ್ಮ ಶಾಲೆಯ ಜಗಲಿಯಲ್ಲಿ ಮಕ್ಕಳಿಗೆ ಲಸಿಕೆಯ ಸೂಜಿ. ಬೇರೆ ಕಡೆಗಳಲ್ಲಿ ನರ್ಸು ಕೂರುತ್ತಾರೆ, ತಾಯಂದಿರು ಸಾಲಾಗಿ ಬರುತ್ತಾರೆ, ಮಗು ಅಳುತ್ತದೆ, ಕೆಲಸ ಮುಗಿಯುತ್ತದೆ. ಇಲ್ಲಿ ಹಾಗಲ್ಲ. ಡಾಕ್ಟರಮ್ಮ ನರ್ಸಿನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಬಂದವಳ ಮುಖ ನೋಡುತ್ತ ಸುಮ್ಮನಿರುತ್ತಿದ್ದರು. ಅವಳು ಮಗುವಿನ ತೊಡೆಯನ್ನೋ ತೋಳನ್ನೋ ಮುಂದೆ ಮಾಡಿದರೆ ಹಿಂದೆ ಸರಿಸುತ್ತಿದ್ದರು. “ಕೇಳು,” ಎನ್ನುತ್ತಿದ್ದರು. ಅವಳು “ಇದು ಎಂತಕ್ಕೆ?” ಎಂದು ಬಾಯಿಬಿಟ್ಟು ಕೇಳುವವರೆಗೆ ಸೂಜಿ ಇಲ್ಲ. ಕೇಳಿದ ಮೇಲೆ ಹೇಳುತ್ತಿದ್ದರು: ಇದು ಗೋವರಕ್ಕೆ, ದಡಾರ ಎನ್ನುತ್ತಾರಲ್ಲ ಅದಕ್ಕೆ, ಇದು ನಾಯಿಕೆಮ್ಮಿಗೆ, ನಾಳೆ ಜ್ವರ ಬರಬಹುದು, ಬಂದರೆ ಹೀಗೆ ಮಾಡು, ಗಂಟಾದರೆ ತಿಕ್ಕಬೇಡ. ಕೊಂಕಣಿಯವರು ‘ಕಿತ್ಯಾಕ’ ಎಂದು ಕೇಳಿದರೂ ಆತು, ಉರ್ದುವಿನವರು ‘ಕಾಯ್ಕು’ ಎಂದರೂ ಆತು. ಆದರೆ ಕೇಳಲೇಬೇಕು. ಹೀಗಾಗಿ ಅವರಿಗೆ ಊರು ಇಟ್ಟ ಹೆಸರು ‘ಎಂತಕ್ಕೆ’ ಡಾಕ್ಟರಮ್ಮ.

ಸಾಲು ಉದ್ದವಾಗುತ್ತಿತ್ತು. ಜಗಲಿ ತುಂಬ ರಗಳೆ, ಅಳು. ನನ್ನ ಮಕ್ಕಳ ಮಗ್ಗಿ ಯಾರಿಗೂ ಕೇಳುತ್ತಿರಲಿಲ್ಲ. ಒಮ್ಮೆ ನಾನೇ ಸಿಡಿಮಿಡಿಗೊಂಡು, “ಡಾಕ್ಟರಮ್ಮಾ, ಹಾಕಿಸಿಕೊಳ್ಳಲು ಅವರಾಗಿಯೇ ಬಂದಿದ್ದಾರಲ್ಲ, ಮತ್ತೆ ಈ ಪರೀಕ್ಷೆ ಯಾಕೆ?” ಎಂದೆ.

ಅಂದು ಮಧ್ಯಾಹ್ನ ಶಾಲೆಯ ಬಿಸಿಯೂಟ ಉಣ್ಣುತ್ತ ಅವರು ಕಾರಣ ಹೇಳಿದರು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವರನ್ನೊಂದು ಆಪರೇಷನ್ ಕ್ಯಾಂಪಿಗೆ ಹಾಕಿದ್ದರಂತೆ. ಮೇಲಿನವರಿಗೆ ಲೆಕ್ಕ ತೋರಿಸಬೇಕು, ಹೆಂಗಸರನ್ನು ಟೆಂಪೋದಲ್ಲಿ ತುಂಬಿ ತಂದಿದ್ದರು. ಒಬ್ಬಳು ಮೇಜಿನ ಮೇಲೆ ಮಲಗಿದ ಮೇಲೆ ಇವರ ಕೈ ಹಿಡಿದು, “ಇದು ಎಂತಕ್ಕೆ ಅಮ್ಮಾ?” ಎಂದು ಕೇಳಿದಳು. ಹೊಟ್ಟೆನೋವಿಗೆ ಔಷಧ ಕೊಡುತ್ತಾರೆ ಎಂದು ಅವಳನ್ನು ಕರೆತಂದಿದ್ದರು.

“ಇಳಿಸಿ ಮನೆಗೆ ಕಳಿಸಿದೆ. ಅವಳು ಕೇಳಿದ್ದಕ್ಕೆ ಬಚಾವಾದ್ಲು. ಕೇಳದೇ ಇದ್ದವರ ಗತಿ ಎಂತ ಆತು ಅಂತ ಯಾರಿಗೆ ಗೊತ್ತು? ಅವತ್ತೇ ಅಂದ್ಕೊಂಡೆ, ನನ್ನ ಮುಂದೆ ಯಾರೂ ಕೇಳದೆ ಮೈ ಕೊಡಬಾರ್ದು.”

ಆ ಶಬ್ದದ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಕಡೆ ‘ಆಪರೇಷನ್’ ಎಂದರೆ ಒಂದೇ ಅರ್ಥ. ಅಪೆಂಡಿಕ್ಸಿಗಾದರೆ ‘ಹೊಟ್ಟೆ ಕೊಯ್ದರು’ ಎನ್ನುತ್ತೇವೆ, ಕಣ್ಣಿಗಾದರೆ ‘ಪೊರೆ ತೆಗೆದರು’ ಎನ್ನುತ್ತೇವೆ. ‘ಅವಳಿಗೆ ಆಪರೇಷನ್ ಆಗಿದೆ’ ಎಂದರೆ ಇನ್ನು ಮಕ್ಕಳಾಗುವುದಿಲ್ಲ ಎಂದು ತಿಳಿಯಬೇಕು. ಕೇರಿಯ ಚಿಕ್ಕ ಹುಡುಗಿಯನ್ನು ಕೇಳಿದರೂ ಹೇಳುತ್ತಾಳೆ. ಇದು ಗೊತ್ತಿಲ್ಲದವರು ಊರಿನಲ್ಲಿ ಯಾರೂ ಇಲ್ಲ, ಅಥವಾ ಇಲ್ಲ ಎಂದುಕೊಂಡಿದ್ದೆ.

ಮಂಕಿಗೆ ಬರುವ ಮೊದಲು ಅವರು ಭಟ್ಕಳದಲ್ಲಿದ್ದರು. ಅಲ್ಲೊಂದು ಓಣಿಯಲ್ಲಿ ಸೂಜಿ ಹಾಕಲು ಹೋದರೆ ಯಾರೂ ಬಾಗಿಲು ತೆಗೆಯುತ್ತಿರಲಿಲ್ಲವಂತೆ. ಒಬ್ಬ ಅಜ್ಜಿ ಮಾತ್ರ ಒಳಗೆ ಕರೆದು ಕೂರಿಸಿ, ಒಂದರ ಮೇಲೊಂದು ‘ಕಾಯ್ಕು’ ಹಾಕಿದರು. ಇವರು ಎಲ್ಲದಕ್ಕೂ ಉತ್ತರ ಹೇಳಿದರು. ಚಹಾ ಆರಿತು, ಮತ್ತೆ ಬಂತು, ಮತ್ತೆ ಆರಿತು. ಕೊನೆಗೆ ಅಜ್ಜಿ ಎದ್ದು ಹೋಗಿ ಓಣಿಯ ಮಕ್ಕಳನ್ನೆಲ್ಲ ತಾನೇ ಎಳೆದುಕೊಂಡು ಬಂದರಂತೆ. ಆಮೇಲೆ ಪ್ರತಿ ಈದಿಗೆ ಕುಮಟೆಯ ಮನೆಗೆ ಶೀರಕುರ್ಮಾ ಪಾಯಸ ತಪ್ಪದೆ ಬರುತ್ತಿತ್ತು. “ನನಗೆ ಸಿಕ್ಕ ಸರ್ಟಿಫಿಕೇಟ್ ಇದೊಂದೇ, ಅದನ್ನೂ ತಿಂದು ಮುಗಿಸಿದೆ,” ಎಂದು ನಗುತ್ತಿದ್ದರು.

ಆ ಭಟ್ಕಳದ ಗೆಳೆತನದಿಂದಲೇ ಅವರ ಫೋನಿಗೆ ಎರಡೂ ಕಡೆಯ ಸಂದೇಶಗಳು ಬರುತ್ತಿದ್ದವು. ಗೋವರದ ಸೂಜಿಯ ವಿಷಯದಲ್ಲಿ ವಾಟ್ಸಪ್ಪಿನಲ್ಲಿ ಗಾಳಿಮಾತು ಎದ್ದ ಸಮಯ. ಒಂದು ಗುರುವಾರ ಜಗಲಿಯಲ್ಲಿ ತಾಯಂದಿರನ್ನೆಲ್ಲ ಕೂರಿಸಿ ಡಾಕ್ಟರಮ್ಮ ಮೊದಲು ಫೋನಿನಲ್ಲಿ ಉರ್ದು ಸಂದೇಶ ಹಾಕಿ ಕೇಳಿಸಿದರು, ಅರ್ಥವನ್ನೂ ಹೇಳಿದರು: ಈ ಸೂಜಿ ನಿಮ್ಮ ಸಂತಾನ ಕಮ್ಮಿ ಮಾಡಲಿಕ್ಕೆ, ಅವರ ಮಕ್ಕಳಿಗೆ ಹಾಕುವುದಿಲ್ಲ, ಎಚ್ಚರ. ಆಮೇಲೆ ನಮ್ಮ ಕೇರಿಯ ಫೋನುಗಳಲ್ಲಿ ತಿರುಗುತ್ತಿದ್ದ ಕನ್ನಡದ್ದನ್ನು ಹಾಕಿದರು: ಈ ಸೂಜಿ ನಿಮ್ಮ ಸಂತಾನ ಕಮ್ಮಿ ಮಾಡಲಿಕ್ಕೆ, ಅವರು ಹಾಕಿಸಿಕೊಳ್ಳುವುದಿಲ್ಲ, ಎಚ್ಚರ. ಮಾತು ಒಂದೇ, ‘ನೀವು’ ಮತ್ತು ‘ಅವರು’ ಮಾತ್ರ ಅದಲುಬದಲು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದೆ ಕೂತಿದ್ದ ಮಾದೇವಿ ಹೇಳಿದಳು, “ಅಲ್ರಾ, ಎಲ್ಲರದ್ದೂ ಕಮ್ಮಿ ಆದ್ರೆ ಮತೆ ಈ ಪಾರ್ಟಿಯವ್ರಿಗೆ ಓಟು ಹಾಕೂದು ಯಾರಂತೆ?”

ಜಗಲಿ ನಗೆಯಿಂದ ಹಾರಿಹೋಯಿತು. ಡಾಕ್ಟರಮ್ಮ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮಾದೇವಿ ಮೀನು ಮಾರುವವಳು, ಗಂಡ ಬೋಟಿಗೆ ಹೋಗುತ್ತಾನೆ. ಹಾಗೆ ನಗಿಸಿದಾಗ ಅವಳ ಮಡಿಲಲ್ಲಿ ಎಳೆಗೂಸು ಇತ್ತು, ಸಿಂಚನಾ ಅಂತ ಹೆಸರು. ಗೋವರದ ಸೂಜಿಗೆ ಇನ್ನೂ ವಯಸ್ಸಾಗಿರಲಿಲ್ಲ. “ಒಂಬತ್ತು ತಿಂಗಳು ತುಂಬ್ಲಿ, ಕರ್ಕೊಂಡು ಬಾ,” ಎಂದು ಡಾಕ್ಟರಮ್ಮ ಹೇಳಿ ಕಳಿಸಿದರು.

ಆ ಒಂಬತ್ತು ತಿಂಗಳು ತುಂಬುವ ಹೊತ್ತಿಗೆ ಊರಿಗೆ ಚುನಾವಣೆಯ ಜ್ವರ ಬಂದಿತ್ತು.

ಮುಖಂಡರಿಗೆ ಒಳ್ಳೆಯ ಕೆಲಸವೊಂದು ಬೇಕಿತ್ತು, ಅದರಲ್ಲಿ ತಮ್ಮ ಮುಖ ಕಾಣಬೇಕಿತ್ತು. ಮಕ್ಕಳ ಸೂಜಿಗಿಂತ ಒಳ್ಳೆಯ ಕೆಲಸ ಯಾವುದು? ಸರ್ಕಾರದ ಸೂಜಿ, ಸರ್ಕಾರದ ನರ್ಸು, ಸರ್ಕಾರಿ ಶಾಲೆಯ ಜಗಲಿ. ಮೇಲೊಂದು ಫ್ಲೆಕ್ಸ್ ಕಟ್ಟಿದರೆ ಎಲ್ಲ ಇವರದ್ದೇ. ಸೋಮವಾರ ಬೆಳಿಗ್ಗೆ ಶಾಲೆಗೆ ಹೋದರೆ ಗೇಟಿನ ತುಂಬ ಮುಖಂಡರ ಮುಖ. ಮೇಲೆ ಬೆಂಕಿಯ ಬಣ್ಣದಲ್ಲಿ ಬರೆದಿದ್ದರು: ‘ಆಪರೇಷನ್ ಬಾಲಸುರಕ್ಷಾ. ಗುರುವಾರ ನಿಮ್ಮ ಮಕ್ಕಳನ್ನು ತಪ್ಪದೆ ಕರೆತನ್ನಿ.’

ನಾನು ಓದಿ ಅಲ್ಲೇ ನಿಂತೆ. ನನ್ನ ಹಿಂದೆ ಮಗುವನ್ನು ಅಂಗನವಾಡಿಗೆ ಬಿಡಲು ಬಂದವಳೊಬ್ಬಳೂ ಓದಿದಳು. ಮಗುವನ್ನು ಎತ್ತಿಕೊಂಡು ಸೀದಾ ಮನೆಗೆ ನಡೆದಳು. ಮಧ್ಯಾಹ್ನದೊಳಗೆ ಅಂಗನವಾಡಿ ಖಾಲಿ.

ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಬಂದರು. ಗೇಟಿನ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತು ಫ್ಲೆಕ್ಸ್ ಓದಿದರು. ಮುಖಂಡರೂ ಅಷ್ಟೊತ್ತಿಗೆ ಹುಡುಗರನ್ನು ಕಟ್ಟಿಕೊಂಡು ಬಂದಿದ್ದರು.

“ಇದಕ್ಕೆ ಆಪರೇಷನ್ ಅಂತ ಹೆಸ್ರಿಟ್ಟವರು ಯಾರು?”

“ನಾನೇ ಮೇಡಂ. ಮಿಲಿಟರಿ ಥರ ಒಂದು ಗತ್ತು ಇರ್ಲಿ ಅಂತ.”

“ಕೂಸಿಗೆ ಸೂಜಿ ಹಾಕೂಕೆ ಗತ್ತು ಎಂತಕ್ಕೆ? ನೀವು ಇದೇ ಊರಲ್ಲಿ ಹುಟ್ಟಿದವ್ರು ಹೌದೋ ಅಲ್ಲವೋ? ಮನೆಗೆ ಹೋಗಿ ನಿಮ್ಮ ಹೆಂಡ್ತಿ ಹತ್ರ ‘ಗುರುವಾರ ಮೊಮ್ಮಗಂಗೆ ಆಪರೇಷನ್ ಉಂಟು’ ಅಂತ ಹೇಳಿ. ಎಂತ ಉತ್ರ ಬರ್ತದೆ ನೋಡಿ.”

ಹುಡುಗರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಮುಖಂಡರ ಮುಖ ಕಪ್ಪಿಟ್ಟಿತು. “ಎಂತಾ ಮಾರಾಯ್ರೆ, ಒಳ್ಳೆ ಕೆಲ್ಸಕ್ಕೆ ಅಡ್ಡ ಬರ್ತೀರಲ್ಲ. ಪ್ರಿಂಟ್ ಆಗಿ ಆಗಿದೆ. ಗುರುವಾರ ಎಮ್ಮೆಲ್ಲೆ ಸಾಹೇಬ್ರು ಉದ್ಘಾಟನೆಗೆ ಬರ್ತಿದ್ದಾರೆ.”

“ಪ್ರಿಂಟ್ ಆಗಿದ್ರೆ ತಿರುಗಿಸಿ ಕಟ್ಟಿ.”

ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆವು. ಇಲ್ಲ. ತಾವೇ ಹೋಗಿ ಹಗ್ಗ ಬಿಚ್ಚಿದರು. ಹಿಂದಿನ ಬಿಳಿ ಬದಿ ಹೊರಗೆ ಬರುವಂತೆ ಶಾಲೆಯ ಜವಾನನಿಂದ ಕಟ್ಟಿಸಿದರು. ನನ್ನನ್ನು ಕರೆದು, “ಅಕ್ಕೋರೇ, ನಿಮ್ಮ ಅಕ್ಷರ ಚೆಂದ. ಬರೀರಿ,” ಎಂದರು. ನೀಲಿ ಬಣ್ಣದಲ್ಲಿ ಬರೆದೆ: ಗೋವರದ ಸೂಜಿ. ಬೇರೆ ಎಂತದಕ್ಕೂ ಅಲ್ಲ. ಕೇಳಿ, ಆಮೇಲೆ ಹಾಕಿಸಿ.

ಅದನ್ನು ಮುಖಂಡರ ಹುಡುಗರು ಫೋನಿನಲ್ಲಿ ಹಿಡಿದರು. ಸಂಜೆಯೊಳಗೆ ವಿಡಿಯೊ ಎಲ್ಲ ಕಡೆ. ‘ಜನನಾಯಕರ ಚಿತ್ರಕ್ಕೆ ಸರ್ಕಾರಿ ವೈದ್ಯೆಯಿಂದ ಅವಮಾನ’ ಎಂದು ಇವರ ಕಡೆಯವರು ಹಾಕಿದರು. ಎದುರು ಪಕ್ಷದವರು ಸುಮ್ಮನಿರುತ್ತಾರೆಯೇ? ಅದೇ ವಿಡಿಯೊ, ಅಲ್ಲಿ ಇಲ್ಲಿ ಕತ್ತರಿಸಿ, ‘ನೋಡಿ, ಡಾಕ್ಟರೇ ಈ ಸೂಜಿ ಬೇಡ ಎನ್ನುತ್ತಿದ್ದಾರೆ’ ಎಂದು ಹಾಕಿದರು. ಥೂ! ಒಬ್ಬರಿಗೆ ಮಕ್ಕಳ ತೋಳಿನ ಮೇಲೆ ತಮ್ಮ ಮುಖ ಬೇಕಿತ್ತು, ಇನ್ನೊಬ್ಬರಿಗೆ ಆ ಮುಖಕ್ಕೆ ಮಸಿ ಬೇಕಿತ್ತು. ಮಕ್ಕಳು ಯಾರಿಗೂ ಬೇಕಿರಲಿಲ್ಲ. ಮತ್ತು ಈ ಎರಡೂ ಕಡೆಯ ಮಹಾನುಭಾವರ ಮನೆಯ ಮಕ್ಕಳಿಗೆಲ್ಲ ಖಾಸಗಿ ದವಾಖಾನೆಯಲ್ಲಿ ಸದ್ದಿಲ್ಲದೆ ಸೂಜಿ ಆಗಿತ್ತು. ಅದನ್ನು ಯಾರೂ ವಿಡಿಯೊ ಮಾಡಲಿಲ್ಲ.

ಮಂಗಳವಾರ ಡಾಕ್ಟರಮ್ಮ ಕೇರಿಯ ಮನೆಮನೆಗೆ ಹೋದರು. ನಾನೂ ಜೊತೆಗಿದ್ದೆ. ಮಾದೇವಿ ಬಾಗಿಲಲ್ಲೇ ಅಡ್ಡ ನಿಂತಳು. ಅಂದು ನಗಿಸಿದವಳ ಮುಖದಲ್ಲಿ ನಗು ಇರಲಿಲ್ಲ.

“ಡಾಕ್ಟರಮ್ಮಾ, ನೀವಂದ್ರೆ ನಂಗೆ ದೇವ್ರು. ಆದ್ರೆ ನನ್ ಕೂಸಿಗೆ ಆಪರೇಷನ್ ಬ್ಯಾಡ.”

“ಆಪರೇಷನ್ ಅಲ್ಲ ಮಾರಾಯ್ತಿ, ಅದೇ ಗೋವರದ ಸೂಜಿ.”

“ಮತೆ ಆಪರೇಷನ್ ಅಂತ ಎಂತಕ್ಕೆ ಬರದ್ರು? ಓದೂಕೆ ಬರ್ತದೆ ನಂಗೆ.”

ಡಾಕ್ಟರಮ್ಮ ಮೆಟ್ಟಿಲ ಮೇಲೆ ಕುಳಿತರು. ಹೇಳಿದರು, ಮತ್ತೆ ಹೇಳಿದರು. ಮಾದೇವಿ ಕೇಳುತ್ತ ಹೋದಳು. ಸಿಂಚನಾ ಅಂಬೆಗಾಲಿಟ್ಟು ಬಂದು ಅವರ ವಾಚಿಗೆ ಕೈಹಾಕಿದಳು. ವಾಚು ಬಿಚ್ಚಿ ಅವಳ ಕೈಗೆ ಕೊಟ್ಟು ಡಾಕ್ಟರಮ್ಮ ಮಾತು ಮುಂದುವರಿಸಿದರು. ಕೊನೆಗೆ ಮಾದೇವಿ, “ಗುರುವಾರ ನೀವು ಅಲ್ಲಿ ಕೂತಿರ್ತ್ರಿ ಅಲ್ದಾ?” ಎಂದಳು. “ಇರ್ತೆ.” “ಆತು ಹಂಗಾರೆ, ಬತ್ತೆ.” ಅವಳು ಒಪ್ಪಿದರೆ ಕೇರಿ ಒಪ್ಪಿದ ಹಾಗೆ ಎಂದು ನಮಗಿಬ್ಬರಿಗೂ ಗೊತ್ತಿತ್ತು.

ಬುಧವಾರ ವರ್ಗಾವಣೆಯ ಆದೇಶ ಬಂತು. ‘ಆಡಳಿತಾತ್ಮಕ ಕಾರಣ’. ಅಂದೇ ಚಾರ್ಜು ಕೊಟ್ಟು ಜಿಲ್ಲೆಯ ಇನ್ನೊಂದು ತುದಿಗೆ ಹೋಗಬೇಕು. ಒಂದು ದಿನ ತಡೆಯಿರಿ, ಗುರುವಾರ ಒಂದು ಮುಗಿಯಲಿ ಎಂದು ಅವರು ಬೇಡಿಕೊಂಡರಂತೆ. ಯಾರ ಮುಂದೆಯೂ ತಲೆ ತಗ್ಗಿಸದವರು ಬೇಡಿಕೊಂಡರು. ಆಗುವುದಿಲ್ಲ ಎಂದರು.

ಗುರುವಾರ ಫ್ಲೆಕ್ಸನ್ನು ಮತ್ತೆ ಮುಖ ಮುಂದಾಗಿ ಕಟ್ಟಿದ್ದರು. ಸಾಹೇಬರು ಬಂದರು, ದೀಪ ಹಚ್ಚಿದರು. ಬೇರೆಲ್ಲಿಂದಲೋ ಕರೆಸಿದ ಸಿಬ್ಬಂದಿ ಡಾಕ್ಟರಮ್ಮನ ಬೆಂಚಿನ ಮೇಲೆ ಕೂತಿದ್ದರು. ಮಾದೇವಿ ಕೊಟ್ಟ ಮಾತಿನಂತೆ ಬಂದಳು, ಹಿಂದೆ ಕೇರಿಯ ಹೆಂಗಸರೂ ಬಂದರು. ಬೆಂಚನ್ನು ನೋಡಿದಳು, ಸುತ್ತ ನೋಡಿದಳು, ನನ್ನನ್ನು ನೋಡಿದಳು. ಆದರೂ ಮುಂದೆ ಹೋಗಿ, ಕಲಿಸಿದ ಹಾಗೆಯೇ ಕೇಳಿದಳು: “ಇದು ಎಂತಕ್ಕೆ?”

“ಮೇಲಿಂದ ಆರ್ಡರ್ ಉಂಟಮ್ಮ. ಬೇಗ ಬೇಗ. ಮಗುನ ಈ ಕಡೆ ತಿರುಗಿಸು, ಫೋಟೊ ಬರ್ಬೇಕು.”

ನಾನು ಓಡಿಹೋಗಿ ಹೇಳತೊಡಗಿದೆ. ಅವಳು ತಲೆ ಅಲ್ಲಾಡಿಸಿದಳು. “ನೀವು ಸಾಲೆ ಅಕ್ಕೋರು. ಸೂಜಿ ಹಾಕುವವ್ರು ಹೇಳ್ಲಿ.” ಮತ್ತೊಮ್ಮೆ ಕೇಳಿದಳು. ಬೆಂಚಿನ ಮೇಲಿದ್ದವರು ಕ್ಯಾಮೆರಾದವನ ಕಡೆ ನೋಡುತ್ತಿದ್ದರು. ಮಾದೇವಿ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಳು. ಅವಳ ಹಿಂದೆ ಎಲ್ಲರೂ ಹೋದರು. ಫೋಟೊಗೆ ಕೊನೆಗೆ ಮುಖಂಡರ ಡ್ರೈವರನ ಮಗನನ್ನು ಹಿಡಿದು ತಂದರು.

ಆ ಬೇಸಿಗೆಯಲ್ಲಿ ಗೋವರ ಬಂತು. ಕೇರಿಯಲ್ಲಿ ಮನೆಯಿಂದ ಮನೆಗೆ ಹೋಯಿತು. ಹೆಚ್ಚಿನ ಮಕ್ಕಳು ನರಳಿ ಎದ್ದರು. ಸಿಂಚನಾಗೆ ಜ್ವರ ಎದೆಗಿಳಿಯಿತು. ದೊಡ್ಡ ಆಸ್ಪತ್ರೆಗೆಂದು ಉಡುಪಿಯ ಕಡೆ ಹೊರಟರು. ಭಟ್ಕಳ ದಾಟಿ ಶಿರೂರು ತಲುಪುವುದರೊಳಗೆ ಮಾದೇವಿಯ ಮಡಿಲಲ್ಲೇ ಉಸಿರು ನಿಂತಿತು.

ಎರಡು ದಿನದ ಮೇಲೆ ಪೇಪರಿನಲ್ಲಿ ಮುಖಂಡರ ಹೇಳಿಕೆ ಬಂತು: ‘ತಾಯಂದಿರ ಅಜ್ಞಾನವೇ ದುರಂತಕ್ಕೆ ಕಾರಣ.’ ಅಜ್ಞಾನ! ಊರಿನಲ್ಲಿ ಹುಟ್ಟಿ ಊರಿನ ಶಬ್ದ ಗೊತ್ತಿಲ್ಲದವನು ಯಾರಿಗೆ ಅಜ್ಞಾನ ಎನ್ನುತ್ತಾನೆ? ಆ ಪೇಪರನ್ನು ಒಲೆಗೆ ಹಾಕಿದೆ. ಕೇರಿಯಲ್ಲಿ ಕೂಡ ಕೆಲವರು ಮಾದೇವಿಯತ್ತ ಬೆರಳು ತೋರಿಸಿದರು. ಅವಳು ತಿಂಗಳುಗಟ್ಟಲೆ ಮೀನು ಮಾರಲು ಹೊರಡಲಿಲ್ಲ.

ಸುದ್ದಿ ತಿಳಿದು ಡಾಕ್ಟರಮ್ಮ ಬಸ್ಸು ಬದಲಿಸಿ ಬದಲಿಸಿ ಬಂದರು. ಅದೇ ಮೆಟ್ಟಿಲ ಮೇಲೆ ಕುಳಿತರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ.

“ಮಾದೇವಿ, ನಿಂದು ತಪ್ಪಿಲ್ಲೆ. ತಿಳತ್ತಾ? ನೀ ಕೇಳಿದ್ದು ಸರಿ ಇದ್ದು. ಉತ್ರ ಹೇಳದವ್ರ ತಪ್ಪು. ಯಾರು ಎಂತ ಹೇಳಿದ್ರೂ, ಕೇಳೂದು ಬಿಡಡ.”

ಮಾದೇವಿ ಆಗ ಅತ್ತಳು. ಮಗು ಹೋದ ಮೇಲೆ ಮೊದಲ ಸಲ ಅತ್ತಳು ಎಂದು ಅವಳ ಅತ್ತೆ ಹೇಳಿದರು. ಡಾಕ್ಟರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತರು. ಆಮೇಲೆ ಮಾದೇವಿಗೆ ಗಂಡುಮಗುವಾದಾಗ ಅದನ್ನು ಎತ್ತಿಕೊಂಡು ಬಸ್ಸು ಹತ್ತಿ ಅವರಿದ್ದಲ್ಲಿಗೇ ಹೋಗಿ ಸೂಜಿ ಹಾಕಿಸಿಕೊಂಡು ಬಂದಳು. ಪ್ರತಿ ಸಲವೂ ಕೇಳಿಯೇ ಹಾಕಿಸಿದಳಂತೆ.

ಡಾಕ್ಟರಮ್ಮ ಮತ್ತೆ ನಮ್ಮೂರಿಗೆ ಬರಲಿಲ್ಲ, ಬರಲು ಬಿಡಲಿಲ್ಲ. ಅಲ್ಲಿಂದಲೇ ನಿವೃತ್ತರಾದರು. ಮೊನ್ನೆ ಕುಮಟೆಯಲ್ಲಿ ಹೃದಯ ನಿಂತು ತೀರಿಕೊಂಡರು.

ನಿನ್ನೆ ಪಂಚಾಯತಿ ಸಭಾಭವನದಲ್ಲಿ ಸಭೆ. ಮುಖಂಡರು ಮೈಕು ಹಿಡಿದು, ಸ್ವರವನ್ನು ಒದ್ದೆ ಮಾಡಿಕೊಂಡು ಮಾತಾಡಿದರು. ಡಾಕ್ಟರಮ್ಮ ತಮ್ಮ ಅಭಿಯಾನದ ಬಲಗೈ ಆಗಿದ್ದರಂತೆ. ಜನರ ಅಜ್ಞಾನದ ವಿರುದ್ಧ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದರಂತೆ. “ಅವರ ನೆನಪಿಗಾಗಿ ಮುಂದಿನ ಗುರುವಾರದಿಂದ ಹೊಸ ಕಾರ್ಯಕ್ರಮ,” ಎಂದರು, “ಆಪರೇಷನ್ ಡಾಕ್ಟರಮ್ಮ!” ಮುಂದಿನ ಸಾಲಿನವರು ಚಪ್ಪಾಳೆ ಹೊಡೆದರು.

ಹಿಂದಿನ ಸಾಲಿನಲ್ಲಿ ಮಾದೇವಿ ಎದ್ದಳು. ಮೀನು ಮಾರಿ ಸೀದಾ ಬಂದಿದ್ದಳು, ಬುಟ್ಟಿ ಕಾಲ ಬಳಿ ಇತ್ತು.

“ಇದು ಎಂತಕ್ಕೆ?”

ಮುಖಂಡರಿಗೆ ಅರ್ಥವಾಗಲಿಲ್ಲ. “ಎಂತದಮ್ಮಾ?”

“ಈ ಸಭೆ. ಆ ಫ್ಲೆಕ್ಸು. ಈ ಹೊಸ ಆಪರೇಷನ್ನು. ಎಂತಕ್ಕೆ? ನನ್ ಕೂಸು ಇದ್ದಾಗಲೂ ಕೇಳಿದ್ದೆ. ಅವತ್ತು ಯಾರೂ ಹೇಳ್ಲಿಲ್ಲ. ಇವತ್ತು ಹೇಳಿ.”

ಅವಳ ಪಕ್ಕದವಳು ಎದ್ದಳು. ಅವಳ ಹಿಂದಿನವಳು ಎದ್ದಳು. ಜಗಲಿಯಲ್ಲಿ ಬಾಯಿಬಿಟ್ಟು ಕೇಳಲು ಕಲಿತ ಹೆಂಗಸರೆಲ್ಲ ಎದ್ದರು. ನಾನೂ ಎದ್ದೆ. ಮುಖಂಡರು ಮೈಕನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. “ಕೂತ್ಕೊಳ್ಳಿ, ಕೂತ್ಕೊಳ್ಳಿ. ಆಮೇಲೆ ಮಾತಾಡುವಾ,” ಎಂದರು.

ಯಾರೂ ಕೂರಲಿಲ್ಲ. ಮಾದೇವಿ ಸ್ವಲ್ಪ ಹೊತ್ತು ಕಾದಳು.

“ಡಾಕ್ಟರಮ್ಮ ಆಗಿದ್ರೆ,” ಎಂದಳು, “ಇಷ್ಟೊತ್ತಿಗೆ ಹೇಳಿ ಮುಗಿಸ್ತಿದ್ರು.”